ಟಾರ್ಟನ್ ಇಲ್ಲದ ಕಿಲ್ಟ್: ಯಾವ ಬಟ್ಟೆಯದು ತಗೊಳ್ಳಬೇಕು, ಚಳಿಯಲ್ಲಿ ಹೇಗೆ ಉಡಬೇಕು?

ಕ್ಯಾನ್ವಾಸಾ, ಡೆನಿಮಾ, ಒರಟು ಉಣ್ಣೆಯ ಟ್ವೀಡಾ, ಇಲ್ಲಾ ಪಾಲಿಯೆಸ್ಟರ್ ಬೆರೆತ ಆ ಹಗುರವಾದ ಪಾಲಿ-ವಿಸ್ಕೋಸಾ? ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಗೆ ಕಿಲ್ಟ್. ಅದರಲ್ಲಿ ಟಾರ್ಟನ್ ಎಂಬ ಚೌಕಳಿ ಇಲ್ಲದ, ಒಂದೇ ಬಣ್ಣದ್ದು ಕೊಳ್ಳಲು ಹೊರಟವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಫೋಟೋದಲ್ಲಿ ನಾಲ್ಕೂ ಚೆನ್ನಾಗಿ ಕಾಣುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಸಾಲದ್ದಕ್ಕೆ ಚಳಿಯ ಭಯ ಬೇರೆ. ಮೊಣಕಾಲು ಬಿಟ್ಟುಕೊಂಡು ಹಿಮಗಾಳಿಯಲ್ಲಿ ಓಡಾಡುವುದು ಹೇಗಪ್ಪಾ ಅಂತ.

ಚಳಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಿಲ್ಟ್ ಉಟ್ಟವರಿಗೆ ಸೊಂಟಕ್ಕೆ, ಬೆನ್ನಿನ ಕೆಳಭಾಗಕ್ಕೆ ಚಳಿಯಾಗುವುದು ಅಪರೂಪ. ಹಿಂದೆ ನೆರಿಗೆಗಳಿಂದಾಗಿ ಬಟ್ಟೆ ಪದರ ಪದರವಾಗಿ ಕೂತಿರುತ್ತದೆ. ಮುಂದೆ ಏಪ್ರನ್ ಎನ್ನುವ, ನೆರಿಗೆಯಿಲ್ಲದ ಎರಡು ಭಾಗಗಳು ಒಂದರ ಮೇಲೊಂದು ಬರುತ್ತವೆ. ಪ್ಯಾಂಟಿಗೆ ಇರುವುದು ಒಂದೇ ಪದರ ಅಲ್ವಾ? ಚಳಿ ಕಚ್ಚುವುದು ತೊಡೆಗೆ, ಮೊಣಕಾಲಿಗೆ, ಪಾದಕ್ಕೆ. ಈ ಮೂರನ್ನೂ ಸರಿಮಾಡುವುದು ಕಾಲುಚೀಲ, ಒಳಚಡ್ಡಿ ಮತ್ತು ಬೂಟು. ಹಾಗಾಗಿ ಬರೀ ಚಳಿಗೆ ಹೆದರಿ ದುಬಾರಿ ಕಿಲ್ಟ್ ಕೊಳ್ಳಬೇಕಾಗಿಲ್ಲ. ಕಿಲ್ಟ್‌ಗೆ ಸ್ವಲ್ಪ ಕಡಿಮೆ ಹಾಕಿ, ಕಾಲಿಗೆ ಸ್ವಲ್ಪ ಜಾಸ್ತಿ ಹಾಕಿ ಎಂಬುದು ನನ್ನ ಸಲಹೆ.

ಇನ್ನು "ಟಾರ್ಟನ್ ಇಲ್ಲದ್ದು ಕಿಲ್ಟೇ ಅಲ್ಲ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. 1859ರಲ್ಲಿ ಶುರುವಾದ ಲಂಡನ್ ಸ್ಕಾಟಿಷ್ ಪಡೆಯ ಕಿಲ್ಟ್ ಹಾಡನ್ ಗ್ರೇ ಎಂಬ ಒಂದೇ ಬಣ್ಣದ್ದು. ಕುಲಕ್ಕೊಂದು ಟಾರ್ಟನ್ ಎಂಬ ಜಗಳವೇ ಬೇಡ, ಮಣ್ಣಿನಲ್ಲಿ ಮರೆಯಾಗುವ ಬಣ್ಣ ಇರಲಿ ಎಂದು ಅದನ್ನು ಆರಿಸಿದ್ದು ಆ ಪಡೆಯ ಮುಖ್ಯಸ್ಥ ಲಾರ್ಡ್ ಎಲ್ಕೋ. ಐರಿಷ್ ಪಡೆಗಳ ಪೈಪರ್‌ಗಳು, ಅಂದರೆ ಬ್ಯಾಗ್‌ಪೈಪ್ ನುಡಿಸುವವರು, ಉಡುವುದೂ ಕೇಸರಿ ಛಾಯೆಯ ಒಂದೇ ಬಣ್ಣದ ಕಿಲ್ಟ್. ಇದನ್ನು ದಿನಬಳಕೆಯ ಫ್ಯಾಷನ್ನಿಗೆ ತಂದವರಲ್ಲಿ ಎರಡು ಹೆಸರು ಮುಖ್ಯ. 1990ರ ದಶಕದಲ್ಲಿ ಡೆನಿಮ್, ಚರ್ಮ, ಟ್ವೀಡ್ ಕಿಲ್ಟ್‌ಗಳನ್ನು ಹೊಲಿಯಲು ಶುರುಮಾಡಿದ ಎಡಿನ್‌ಬರೋದ ಹೋವೀ ನಿಕಲ್ಸ್‌ಬಿ ಒಬ್ಬರು. ಜೇಬಿರುವ ಕ್ಯಾನ್ವಾಸ್ ಕಿಲ್ಟ್‌ಗಳನ್ನು 2000ದಿಂದ ಮಾರಿದ ಸಿಯಾಟಲ್‌ನ ಯುಟಿಲಿಕಿಲ್ಟ್ಸ್ ಇನ್ನೊಂದು.

ಕೊಳ್ಳುವ ಮುಂಚೆ ಏನು ನೋಡಬೇಕು

ಮೊದಲು ಬಟ್ಟೆಯ ತೂಕ. ಕಿಲ್ಟ್‌ನ ಚಂದ ಇರುವುದೇ ಅದು ತೂಗಾಡುವುದರಲ್ಲಿ. ಅದಕ್ಕೆ ಭಾರ ಬೇಕು. ಸ್ಕಾಟ್ಲೆಂಡಿನ ಕಿಲ್ಟ್ ಹೊಲಿಯುವವರು ಉಣ್ಣೆ ಬಟ್ಟೆಯನ್ನು ಔನ್ಸ್ ಲೆಕ್ಕದಲ್ಲಿ ಗುರುತಿಸುತ್ತಾರೆ. 10-11 ಔನ್ಸ್ ಅಂದರೆ ಹಗುರ, 13 ಮಧ್ಯಮ, 16 ಭಾರ. ಗಾಳಿ ಬೀಸುವ ಊರಿನಲ್ಲಿ ಓಡಾಡುವುದಿದ್ದರೆ 13ಕ್ಕಿಂತ ಕೆಳಗೆ ಹೋಗಬೇಡಿ. ಹಗುರ ಬಟ್ಟೆಯ ನೆರಿಗೆ ಗಾಳಿಗೆ ಎದ್ದರೆ ಎರಡೂ ಕೈ ಅದನ್ನು ಹಿಡಿದುಕೊಳ್ಳುವುದರಲ್ಲೇ ಮುಗಿಯುತ್ತದೆ.

ಈ ಔನ್ಸ್ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಉಣ್ಣೆಯ ತೂಕ ಹೇಳುವುದು ಉದ್ದದ ಒಂದು ಗಜಕ್ಕೆ, ಬಟ್ಟೆಯ ಪೂರ್ತಿ ಅಗಲ ಸೇರಿಸಿ. ಆ ಅಗಲವೇ ಸುಮಾರು ಒಂದೂವರೆ ಗಜ ಇರುತ್ತದೆ. ಡೆನಿಮ್ ತೂಕ ಹೇಳುವುದು ಒಂದು ಚದರ ಗಜಕ್ಕೆ. ಹಾಗಾಗಿ 12 ಔನ್ಸ್ ಡೆನಿಮ್ ಅಂದರೆ 16 ಔನ್ಸ್ ಉಣ್ಣೆಗಿಂತ ಭಾರ. ಎರಡು ಸಂಖ್ಯೆಗಳನ್ನು ಪಕ್ಕ ಪಕ್ಕ ಇಟ್ಟು "ಉಣ್ಣೆಯೇ ಜಾಸ್ತಿ ಭಾರ" ಎಂದು ತೀರ್ಮಾನಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಎರಡನೆಯದು, ಕಿಲ್ಟ್ ಎಲ್ಲಿ ಕೂರುತ್ತದೆ ಎನ್ನುವುದು. ಇದನ್ನು ಯಾರೂ ಕೇಳುವುದಿಲ್ಲ. ಆದರೆ ಮೇಲೆ ಯಾವ ಜಾಕೆಟ್ ಹಾಕಬಹುದು ಎಂಬುದು ಇದರ ಮೇಲೇ ನಿಂತಿದೆ. ಸಾಂಪ್ರದಾಯಿಕ ಹೊಲಿಗೆಯ ಕಿಲ್ಟ್ ಹೊಕ್ಕುಳಿನ ಮಟ್ಟಕ್ಕೆ ಬರುತ್ತದೆ. ಕ್ಯಾನ್ವಾಸ್, ಡೆನಿಮ್‌ನಂಥವು ಜೀನ್ಸ್ ಹಾಗೆ ಕೆಳಗೆ, ಸೊಂಟದ ಮೂಳೆಯ ಹತ್ತಿರ ನಿಲ್ಲುತ್ತವೆ. ಮೇಲೆ ಕೂರುವ ಕಿಲ್ಟ್ ಚಳಿಗೆ ಒಳ್ಳೆಯದು. ಬಗ್ಗಿದಾಗ ಬೆನ್ನು ತೆರೆದುಕೊಳ್ಳುವುದಿಲ್ಲ, ಹೊಟ್ಟೆ ಬೆಚ್ಚಗಿರುತ್ತದೆ. ಆದರೆ ನಿಮ್ಮ ಹತ್ತಿರ ಇರುವ ಮಾಮೂಲಿ ಕೋಟು ಅದರ ಮೇಲೆ ಉದ್ದವಾಗಿ ಕಾಣುತ್ತದೆ. ಸ್ಕಾಟ್ಲೆಂಡಿನ ಆರ್ಗೈಲ್ ಜಾಕೆಟ್ ಗಿಡ್ಡವಾಗಿರುವುದು ಇದಕ್ಕೇ. ಕೆಳಗೆ ಕೂರುವ ಕಿಲ್ಟ್‌ಗೆ ಈ ತಾಪತ್ರಯ ಇಲ್ಲ. ಮನೆಯಲ್ಲಿರುವ ಸ್ವೆಟರ್, ಜಾಕೆಟ್ ಎಲ್ಲಾ ನಡೆಯುತ್ತದೆ.

ಮೂರನೆಯದು ನೆರಿಗೆ. ಪೂರ್ಣ ಪ್ರಮಾಣದ ಕಿಲ್ಟ್‌ಗೆ 8 ಗಜ ಬಟ್ಟೆ ಹಿಡಿಯುತ್ತದೆ. ಕ್ಯಾಶುವಲ್ ಅಂತ ಮಾರುವವು 5 ಗಜ ಅಥವಾ ಇನ್ನೂ ಕಡಿಮೆ. ಗಜ ಎಷ್ಟು ಎನ್ನುವುದಕ್ಕಿಂತ ನೆರಿಗೆಯನ್ನು ಎಷ್ಟು ದೂರ ಹೊಲಿದಿದ್ದಾರೆ ಎನ್ನುವುದನ್ನು ನಾನು ಮೊದಲು ನೋಡುತ್ತೇನೆ. ಒಳ್ಳೆಯ ಕಿಲ್ಟ್‌ನಲ್ಲಿ ಸೊಂಟದಿಂದ ಹಿಂಭಾಗದ ಉಬ್ಬಿನವರೆಗೆ ಪ್ರತಿ ನೆರಿಗೆಯನ್ನೂ ಹೊಲಿದು, ಕೆಳಗೆ ಹೋದಂತೆ ಅಗಲ ಮಾಡುತ್ತಾ ಬಂದಿರುತ್ತಾರೆ. ಈ ಹೊಲಿದ ಭಾಗಕ್ಕೆ ಫೆಲ್ ಎನ್ನುತ್ತಾರೆ. ಅಗ್ಗದ್ದರಲ್ಲಿ ಪಟ್ಟಿಯ ಕೆಳಗೆ ಎರಡು ಬೆರಳಿನಷ್ಟು ಹೊಲಿದು ಬಿಟ್ಟುಬಿಡುತ್ತಾರೆ. ಅಂಥದ್ದು ಸೊಂಟದಿಂದಲೇ ಅರಳಿಕೊಂಡು ಲಂಗದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಸೊಂಟಪಟ್ಟಿ ಹಿಡಿದು ಎತ್ತಿ, ಒಮ್ಮೆ ಜೋರಾಗಿ ಕೊಡವಿ. ನೆರಿಗೆಗಳು ತಾವಾಗಿ ಸಾಲಾಗಿ ಬಂದು ನಿಂತರೆ ಸರಿ. ಅಲ್ಲೊಂದು ಇಲ್ಲೊಂದು ಮಗುಚಿಕೊಂಡು ನಿಂತರೆ, ದಿನಾ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಹಿಡಿಯಲು ತಯಾರಾಗಿ.

ಕೊನೆಯದು ಕೆಳಗಿನ ಅಂಚು. ಕಿಲ್ಟ್‌ಗೆಂದೇ ನೇಯ್ದ ಉಣ್ಣೆ ಬಟ್ಟೆಯ ಅಂಚನ್ನು ಮಡಿಸಿ ಹೊಲಿಯುವುದಿಲ್ಲ. ಮಗ್ಗದಿಂದ ಬಂದ ಅಂಚೇ ಕೆಳಗೆ ಬರುತ್ತದೆ, ತೆಳ್ಳಗೆ, ಮೆತ್ತಗೆ. ಡೆನಿಮ್, ಕ್ಯಾನ್ವಾಸ್‌ನಲ್ಲಿ ಮಡಿಸಿ ಹೊಲಿದ ದಪ್ಪ ಅಂಚು. ಒಣಗಿದ್ದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ನೆಂದು ತಣ್ಣಗಾದ ಮೇಲೆ ಆ ದಪ್ಪ ಅಂಚು ಪ್ರತಿ ಹೆಜ್ಜೆಗೂ ಮೊಣಕಾಲಿನ ಹಿಂದಿನ ಮೆತ್ತನೆ ಚರ್ಮಕ್ಕೆ ಉಜ್ಜುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಉಣ್ಣೆ ಕಿಲ್ಟ್‌ಗಳೇ ಕೆಸರು ಮೆತ್ತಿ, ಹೆಪ್ಪುಗಟ್ಟಿ ಸೈನಿಕರ ಕಾಲು ಕೊರೆಯುತ್ತಿದ್ದವು. ಪೇಟೆಯಲ್ಲಿ ಓಡಾಡುವವರಿಗೆ ಅಷ್ಟು ಕಷ್ಟ ಬರುವುದಿಲ್ಲ, ಬಿಡಿ. ಆದರೂ ಒದ್ದೆ ಚಳಿಯ ಜಾಗದಲ್ಲಿರುವವರು ಅಂಚನ್ನು ಒಮ್ಮೆ ಮುಟ್ಟಿ ನೋಡಿ.

ಕ್ಯಾನ್ವಾಸ್, ಡೆನಿಮ್

ಮೊದಲ ಕಿಲ್ಟ್‌ಗೆ ಬಹಳ ಜನ ಆರಿಸುವುದು ಕ್ಯಾನ್ವಾಸಿನ ಯುಟಿಲಿಟಿ ಕಿಲ್ಟ್. ಕಾರಣ ಜೇಬು. ಪಕ್ಕದಲ್ಲಿ ದೊಡ್ಡ ಜೇಬುಗಳಿರುವುದರಿಂದ ಸೊಂಟದ ಮುಂದೆ ನೇತುಹಾಕುವ ಸ್ಪೊರಾನ್ ಎಂಬ ಚೀಲ ಬೇಡ, ಬೇರೆ ಚೀಲವೂ ಬೇಡ. ಮುಂದೆ ಸ್ನ್ಯಾಪ್ ಬಟನ್ ಇರುತ್ತದೆ, ಬಕಲ್ ಕಟ್ಟುವ ರಗಳೆ ಇಲ್ಲ. ಗಟ್ಟಿ ಬಟ್ಟೆ. ಮೊಣಕಾಲೂರಿ ಕೆಲಸ ಮಾಡಿ, ಏಣಿ ಹತ್ತಿ, ಏನೂ ಆಗುವುದಿಲ್ಲ. ವಾಷಿಂಗ್ ಮೆಷಿನ್‌ಗೆ ಹಾಕಬಹುದು. ಆದರೆ ಒಗೆದ ಮೇಲೆ ನೆರಿಗೆ ಒಂದೊಂದನ್ನೇ ಕೂರಿಸಿ ಇಸ್ತ್ರಿ ಮಾಡಬೇಕು. ಈ ಕೆಲಸ ಮಾರುವವರು ಹೇಳುವಷ್ಟು ಸಣ್ಣದಲ್ಲ. ಜೇಬಿಗೆ ಫೋನು, ಬೀಗದ ಕೈ, ಪರ್ಸು ಎಲ್ಲಾ ತುಂಬಿದರೆ ಕಿಲ್ಟ್ ಜಗ್ಗಿ ಒಂದು ಕಡೆ ಇಳಿಯುತ್ತದೆ. ಅಗಲವಾದ ಬೆಲ್ಟ್ ಬೇಕೇ ಬೇಕು.

ಚಳಿಗೆ ಕ್ಯಾನ್ವಾಸ್ ಅಷ್ಟಕ್ಕಷ್ಟೆ. ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ಅದು ನಿಜ. ಹತ್ತಿ ಆದ್ದರಿಂದ ಒಮ್ಮೆ ನೆಂದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೇ ಹೀರುತ್ತದೆ. ಒಣ ಚಳಿಗೆ ಸರಿ, ಮಳೆ ಬೆರೆತ ಚಳಿಗೆ ಬೇಡ.

ಡೆನಿಮ್ ಗುಣವೂ ಸುಮಾರಾಗಿ ಇದೇ. ನೋಟದಲ್ಲಿ ಮಾತ್ರ ಅದು ಗೆಲ್ಲುತ್ತದೆ. ಎಲ್ಲರ ಕಣ್ಣಿಗೂ ಡೆನಿಮ್ ಪರಿಚಯ. ಹಾಗಾಗಿ ಕಿಲ್ಟ್ ಉಟ್ಟು ಹೊರಗೆ ಹೋಗಲು ಸಂಕೋಚ ಇರುವವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು. ಗಾಢ ನೀಲಿ ತಗೊಳ್ಳಿ. ಮಾಸಿದ, ಹರಿದ ಡಿಸೈನ್ ಬೇಡವೇ ಬೇಡ, ನೆರಿಗೆಯ ಗೆರೆಗಳೆಲ್ಲ ಅದರಲ್ಲಿ ಕಳೆದುಹೋಗುತ್ತವೆ. ಮೇಲೆ ಡೆನಿಮ್ ಜಾಕೆಟ್ ಮಾತ್ರ ಹಾಕಬೇಡಿ. ಕಂದು, ಬೂದು ಉಣ್ಣೆ ಸ್ವೆಟರ್ ಹಾಕಿ.

ಪಾಲಿ-ವಿಸ್ಕೋಸ್

ಇದು ಬಜೆಟ್ ನೋಡಿಕೊಂಡು ಹೊರಟವರ ಆಯ್ಕೆ. ಅದರಲ್ಲೇನೂ ತಪ್ಪಿಲ್ಲ. ಮೆಷಿನ್‌ನಲ್ಲಿ ತಣ್ಣೀರಿಗೆ ಹಾಕಿ, ತೆಗೆದು ನೇತುಹಾಕಿದರೆ ನೆರಿಗೆ ಬಹುಪಾಲು ಹಾಗೇ ಉಳಿದಿರುತ್ತದೆ. ಉಣ್ಣೆ ಚುಚ್ಚುತ್ತದೆ, ಅಲರ್ಜಿ ಎನ್ನುವವರಿಗೂ ಇದೇ ಗತಿ. ಪ್ರಯಾಣಕ್ಕೂ ಅನುಕೂಲ, ಸುತ್ತಿ ಚೀಲಕ್ಕೆ ತುರುಕಬಹುದು.

ಇದರಲ್ಲೂ ಎರಡು ಬಗೆ ಇದೆ. ವೆಲ್ಕ್ರೋ ಪಟ್ಟಿಯ ತೀರಾ ಹಗುರವಾದದ್ದು ಆಟಕ್ಕೆ, ಬೇಸಿಗೆಗೆ. ಅದನ್ನು ಚಳಿಗಾಲದ ಲೆಕ್ಕಕ್ಕೇ ತಗೊಳ್ಳಬೇಡಿ. ಚರ್ಮದ ಪಟ್ಟಿ, ಬಕಲ್ ಇರುವ ಸ್ವಲ್ಪ ಭಾರದ್ದು ನೋಡಿ. ಕಪ್ಪು ಅಥವಾ ಗಾಢ ಬೂದು ಬಣ್ಣದಲ್ಲಿ ಅದು ದೂರದಿಂದ ಉಣ್ಣೆಯ ಹಾಗೇ ಕಾಣುತ್ತದೆ. ಹತ್ತಿರ ಬಂದರೆ ಒಂದು ತೆಳು ಹೊಳಪು ಗೊತ್ತಾಗುತ್ತದೆ. ಚಳಿಯಲ್ಲಿ ಇದರ ಇನ್ನೊಂದು ಕಾಟ ಸ್ಟ್ಯಾಟಿಕ್ ವಿದ್ಯುತ್. ಒಳಗೆ ನೈಲಾನ್ ಲೆಗ್ಗಿಂಗ್ ಹಾಕಿದರೆ ಒಣಹವೆಯಲ್ಲಿ ಕಿಲ್ಟ್ ಕಾಲಿಗೆ ಅಂಟಿಕೊಂಡು ಬಿಡುತ್ತದೆ.

ಟ್ವೀಡ್ ಮತ್ತು ಒಂದೇ ಬಣ್ಣದ ಉಣ್ಣೆ

ಚಳಿಗೆ ಇದನ್ನು ಮೀರಿಸಿದ್ದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ತುಂತುರು ಮಳೆ ಮೇಲೇ ಮಣಿಯಾಗಿ ನಿಲ್ಲುತ್ತದೆ, ಕೊಡವಿದರೆ ಹೋಗುತ್ತದೆ. ಆದರೆ ಉಣ್ಣೆ ಅಂದಾಕ್ಷಣ ಎಲ್ಲಾ ಒಂದೇ ಅಲ್ಲ.

ಟಾರ್ಟನ್ ಕಿಲ್ಟ್‌ಗೆ ಬಳಸುವುದು ವರ್ಸ್ಟೆಡ್. ನೂಲನ್ನು ಬಾಚಿ, ಬಿಗಿಯಾಗಿ ಹೊಸೆದು ನೇಯ್ದ ನುಣುಪು ಬಟ್ಟೆ. ಇದೇ ಬಟ್ಟೆ ಒಂದೇ ಬಣ್ಣದಲ್ಲೂ ಸಿಗುತ್ತದೆ. ನೆರಿಗೆ ಚಾಕುವಿನ ಅಲಗಿನಷ್ಟು ಚೂಪಾಗಿ ನಿಲ್ಲುತ್ತದೆ. ಟ್ವೀಡ್ ನೂಲು ಸಡಿಲ, ಬಟ್ಟೆ ಒರಟು. ನೆರಿಗೆ ಸ್ವಲ್ಪ ದುಂಡಗಾಗುತ್ತದೆ, ಜಾಸ್ತಿ ಹೊತ್ತು ಕೂತರೆ ಹಿಂಭಾಗ ಉಬ್ಬುತ್ತದೆ. ಬರಿ ತೊಡೆಗೆ ತಾಗಿದರೆ ಕೆರೆತ. ಇಷ್ಟೆಲ್ಲಾ ಇದ್ದರೂ ಕ್ಯಾಶುವಲ್ ಉಡುಗೆಗೆ ನಾನು ಟ್ವೀಡ್ ಪರ. ಹತ್ತಿರದಿಂದ ನೋಡಿದರೆ ಹಸಿರು ಬಟ್ಟೆಯಲ್ಲಿ ಕಂದು, ಸಾಸಿವೆ ಹಳದಿ, ಚೂರು ನೀಲಿ ನೂಲು ಎಲ್ಲಾ ಇರುತ್ತದೆ. ಹಾಗಾಗಿ ಮೇಲೆ ಯಾವ ಬಣ್ಣದ ಸ್ವೆಟರ್ ಹಾಕಿದರೂ ಒಳಗಿನ ಒಂದು ಎಳೆಗೆ ಅದು ಹೊಂದುತ್ತದೆ. ಚೂಪು ನೆರಿಗೆಯ ವರ್ಸ್ಟೆಡ್ ಮದುವೆಮನೆಗೆ ಹೊರಟಂತೆ ಕಾಣುತ್ತದೆ, ಟ್ವೀಡ್ ಬೆಟ್ಟ ಸುತ್ತಲು ಹೊರಟಂತೆ.

ಹ್ಯಾರಿಸ್ ಟ್ವೀಡ್ ಬೇಕು ಎನ್ನುವವರು ಗೋಳದ ಮೇಲೆ ಶಿಲುಬೆ ಇರುವ ಗುರುತು ನೋಡಿ ತಗೊಳ್ಳಿ. ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ನೇಕಾರರು ತಮ್ಮ ಮನೆಯಲ್ಲೇ ನೇಯ್ದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು ಎಂದು 1993ರ ಬ್ರಿಟಿಷ್ ಕಾಯ್ದೆಯೇ ಇದೆ.

ಬೆಲೆ? ಕೈಯಲ್ಲಿ ಹೊಲಿದ ಉಣ್ಣೆ ಕಿಲ್ಟ್ ನೂರಾರು ಪೌಂಡ್ ಆಗುತ್ತದೆ. ಹಣ ಹಾಕಿದ ಮೇಲೆ ಖರ್ಚು ಕಡಿಮೆ. ಉಣ್ಣೆಯನ್ನು ಪದೇ ಪದೇ ಒಗೆಯಬೇಕಿಲ್ಲ. ಉಟ್ಟು ಬಂದ ರಾತ್ರಿ ಸೊಂಟಪಟ್ಟಿಗೆ ಕ್ಲಿಪ್ ಹಾಕಿ ಗಾಳಿಗೆ ನೇತುಹಾಕಿ. ಕೆಸರು ಒಣಗಿದ ಮೇಲೆ ಬ್ರಷ್ ಮಾಡಿ. ಪೂರ್ತಿ ಗಜದ ಬಟ್ಟೆ ಬೇಡ ಅಂದರೆ 4 ಗಜದ, ಬಾಕ್ಸ್ ನೆರಿಗೆಯ (ಎರಡೂ ಕಡೆಗೆ ಮಡಿಸಿದ ಅಗಲ ನೆರಿಗೆ) ಉಣ್ಣೆ ಕಿಲ್ಟ್ ಒಳ್ಳೆಯ ರಾಜಿ. ಬಟ್ಟೆ ಅರ್ಧ, ಭಾರ ಅರ್ಧ, ಚಂದ ಕಡಿಮೆಯಿಲ್ಲ.

ಚರ್ಮದ ಕಿಲ್ಟ್ ಬಗ್ಗೆ ಒಂದೇ ಮಾತು. ಗಾಳಿ ತಡೆಯುತ್ತದೆ, ಭಾರ, ದುಬಾರಿ, ಕೂತಲ್ಲಿ ನೆರಿಗೆ ಒತ್ತಿಕೊಳ್ಳುತ್ತದೆ. ಎರಡನೆಯದೋ ಮೂರನೆಯದೋ ಕಿಲ್ಟ್ ಆಗಿ ತಗೊಳ್ಳಿ, ಮೊದಲನೆಯದಾಗಿ ಬೇಡ.

ಕಿಲ್ಟ್‌ನ ಕೆಳಗೆ

ಕಾಲುಚೀಲದಿಂದ ಶುರುಮಾಡಿ. ದಪ್ಪ ಉಣ್ಣೆಯ ಹೋಸ್, ಅಂದರೆ ಉದ್ದ ಕಾಲುಚೀಲ, ಒಂದು ಜೊತೆ ಒಳ್ಳೆಯದಿದ್ದರೆ ಅರ್ಧ ಚಳಿ ಹೋಯಿತು. ಮಾಮೂಲಿಯಾಗಿ ಮೇಲ್ಭಾಗ ಮಡಿಸಿ, ಮೊಣಕಾಲ ಚಿಪ್ಪಿನಿಂದ ಎರಡು-ಮೂರು ಬೆರಳು ಕೆಳಗೆ ನಿಲ್ಲಿಸುತ್ತಾರೆ. ತೀರಾ ಚಳಿ ಇದ್ದರೆ ಮಡಿಕೆ ಬಿಚ್ಚಿ ಮೊಣಕಾಲಿನವರೆಗೂ ಎಳೆದುಕೊಳ್ಳಿ. ಯಾರೂ ಏನೂ ಅನ್ನುವುದಿಲ್ಲ. ಬೂಟಿನ ಮೇಲೆ ಸುರುಳಿಯಾಗಿ ಇಳಿಬಿಡುವ ಸ್ಟೈಲ್ ಕ್ಯಾನ್ವಾಸ್, ಡೆನಿಮ್‌ಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಮೀನಖಂಡ ಪೂರ್ತಿ ತೆರೆದುಕೊಳ್ಳುತ್ತದೆ. ಅದನ್ನು ಮಂಜು ಕರಗುವ ದಿನಗಳಿಗೆ ಇಟ್ಟುಕೊಳ್ಳಿ. ಬಣ್ಣ ಬೂದು, ಕಂದು, ಗಾಢ ಹಸಿರು ಇರಲಿ. ಕೆನೆಬಿಳುಪಿನ ಹೋಸ್ ಹಾಕಿದರೆ ಬಾಡಿಗೆ ಡ್ರೆಸ್‌ನಲ್ಲಿ ಮದುವೆಯಿಂದ ನೇರ ಎದ್ದು ಬಂದ ಹಾಗಿರುತ್ತದೆ. ಫ್ಲ್ಯಾಶ್ ಎನ್ನುವ ಬಣ್ಣದ ಪಟ್ಟಿ ಕ್ಯಾಶುವಲ್‌ಗೆ ಬೇಕಿಲ್ಲ, ಒಳಗೆ ಸುಮ್ನೆ ಒಂದು ಎಲಾಸ್ಟಿಕ್ ಸಾಕು.

ಒಳಗೆ ಏನೂ ಹಾಕಬಾರದು ಎಂಬ ಜೋಕನ್ನು ಜೋಕಾಗಿಯೇ ಬಿಡಿ. ತೊಡೆ ಮುಚ್ಚುವ ಮೆರಿನೋ ಉಣ್ಣೆಯ ಬಾಕ್ಸರ್ ಚಡ್ಡಿ ಚಳಿಗೂ ಆಯಿತು, ಟ್ವೀಡಿನ ಕೆರೆತಕ್ಕೂ ಆಯಿತು. ಸೊನ್ನೆ ಡಿಗ್ರಿಯ ಕೆಳಗೆ ಹೊತ್ತುಗಟ್ಟಲೆ ಹೊರಗಿರಬೇಕಾದರೆ ಪೂರ್ತಿ ಲೆಗ್ಗಿಂಗ್ ಹಾಕಿ. ಹೋಸ್ ಬಣ್ಣದ್ದೇ ಹಾಕಿದರೆ ಕಣ್ಣಿಗೆ ಬೀಳುವುದಿಲ್ಲ. ಹೊರಮೈ ನುಣುಪಾಗಿರಲಿ. ಒರಟು ಲೆಗ್ಗಿಂಗ್ ಮೇಲೆ ಒರಟು ಉಣ್ಣೆ ಬಂದರೆ ನಡೆದಂತೆಲ್ಲ ನೆರಿಗೆ ಮೇಲಕ್ಕೆ ಹತ್ತುತ್ತದೆ.

ಬೂಟು ಕಣಕಾಲು ಮುಚ್ಚುವ, ಲೇಸ್ ಕಟ್ಟುವ, ದಪ್ಪ ಅಡಿಯದ್ದಿರಲಿ. ಕೆಳಗೆ ಭಾರ ಇದ್ದಾಗ ನೋಟಕ್ಕೆ ಮೇಲಿನ ಕಿಲ್ಟ್‌ನೊಂದಿಗೆ ಸಮತೂಕವಾಗುತ್ತದೆ. ತೆಳ್ಳನೆ ಶೂ ಹಾಕಿದರೆ ಕಾಲು ಕಡ್ಡಿಯಂತೆ ಕಾಣುತ್ತದೆ. ಹಿಮದಲ್ಲಿ ನಡೆಯುವವರು ಬೂಟಿನ ಮೇಲಿಂದ ಕಾಲು ಮುಚ್ಚುವ, ಮೊಣಕಾಲುದ್ದದ ಗೇಟರ್ ಕಟ್ಟಿಕೊಳ್ಳಿ. ಹೋಸ್ ನೆನೆಯದಿದ್ದರೆ ಉಳಿದದ್ದೆಲ್ಲಾ ತಡೆದುಕೊಳ್ಳಬಹುದು.

ಕೋಟಿನ ಉದ್ದ

ಮೇಲುಡುಗೆಯಲ್ಲಿ ನಿಜವಾಗಿ ಕೆಡಿಸುವುದು ಕೋಟಿನ ಉದ್ದ. ತೊಡೆಯ ಮಧ್ಯಕ್ಕೆ ಬರುವ ಪಾರ್ಕಾ ಇದೆಯಲ್ಲ, ಅದರ ಕೆಳಗೆ ಕಿಲ್ಟ್ ನಾಲ್ಕು ಬೆರಳು ಇಣುಕಿದರೆ ಎರಡರ ಅಂದವೂ ಹೋಯಿತು. ಜಾಕೆಟ್ ಬೆಲ್ಟಿನಿಂದ ಒಂದು ಗೇಣು ಕೆಳಗೆ ನಿಲ್ಲಬೇಕು. ಪೀ ಕೋಟ್, ಬಾಂಬರ್, ಗಿಡ್ಡ ಡೌನ್ ಜಾಕೆಟ್ ಎಲ್ಲಾ ಸರಿ. ಇಲ್ಲದಿದ್ದರೆ ಪೂರ್ತಿ ಉದ್ದದ ಓವರ್‌ಕೋಟ್ ಹಾಕಿ, ಹಿಂದೆ ಸೀಳು ಇರುವುದು. ಎಲ್ಲಕ್ಕಿಂತ ಬೆಚ್ಚಗಿರುವುದು ಅದೇ. ಆದರೆ ಗುಂಡಿ ಪೂರ್ತಿ ಹಾಕಬೇಡಿ. ಕಿಲ್ಟ್ ಮುಚ್ಚಿಹೋಗಿ ಕೆಳಗೆ ಬರಿ ಮೊಣಕಾಲು ಕಂಡರೆ ಎದುರಿಗೆ ಬಂದವರು ಗಾಬರಿಯಾಗುತ್ತಾರೆ. ಮಳೆ ಜಾಸ್ತಿ ಇರುವ ಕಡೆ ಪೈಪರ್‌ಗಳು ಹೊದ್ದುಕೊಳ್ಳುವ ಇನ್ವರ್ನೆಸ್ ಕೇಪ್ ಕೆಲಸಕ್ಕೆ ಬರುತ್ತದೆ, ದಿನಬಳಕೆಗೆ ಸ್ವಲ್ಪ ನಾಟಕದ ವೇಷದಂತೆ ಕಾಣುತ್ತದೆ ಅಷ್ಟೆ.

ಸ್ವೆಟರ್ ಆರಿಸುವಾಗ ಅದರ ಮತ್ತು ಕಿಲ್ಟ್ ಬಟ್ಟೆಯ ಹೊರಮೈ ಬೇರೆ ಬೇರೆ ಇರಲಿ. ನುಣುಪು ಕಿಲ್ಟ್ ಮೇಲೆ ದಪ್ಪ ಹೆಣಿಗೆಯ ಸ್ವೆಟರ್, ಒರಟು ಟ್ವೀಡ್ ಮೇಲೆ ತೆಳು ಹೆಣಿಗೆ. ಮೇಲೆ ಕೆಳಗೆ ಪೂರ್ತಿ ಕಪ್ಪು ಹಾಕಿದರೆ ವೇಷ ಹಾಕಿದ ಹಾಗಾಗುತ್ತದೆ. ಜೇಬಿಲ್ಲದ ಕಿಲ್ಟ್‌ಗೆ ಸಾದಾ ಚರ್ಮದ ಸ್ಪೊರಾನ್ ಬೇಕಾಗುತ್ತದೆ. ಗಾಳಿಯಲ್ಲಿ ಏಪ್ರನ್ ಹಿಡಿದಿಡುವ ಭಾರವೂ ಅದೇ. ಪಿನ್ ಹಾಕುವುದಿದ್ದರೆ ಮೇಲಿನ ಏಪ್ರನ್ನಿಗೆ ಮಾತ್ರ ಚುಚ್ಚಿ. ಎರಡನ್ನೂ ಸೇರಿಸಿ ಚುಚ್ಚಿದರೆ ದೊಡ್ಡ ಹೆಜ್ಜೆ ಹಾಕಿದಾಗ ಬಟ್ಟೆ ಹರಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಕಿಲ್ಟ್ ನನಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡುವವರಿಗೆ ಬಕಲ್ ಇರುವ ಗಾಢ ಬೂದು ಪಾಲಿ-ವಿಸ್ಕೋಸ್, ಜೊತೆಗೆ ದುಬಾರಿ ಹೋಸ್. ಒಗ್ಗದಿದ್ದರೆ ಹೋಸ್ ಆದರೂ ಉಳಿಯಿತು. ಕೈಗೆಲಸ ಮಾಡುವವರಿಗೆ, ಒಣ ಚಳಿಯ ಜಾಗದವರಿಗೆ ಕ್ಯಾನ್ವಾಸ್. ಮಳೆ, ಗಾಳಿ, ಚಳಿ ಮೂರೂ ಇದ್ದು ವಾರದಲ್ಲಿ ಎರಡು-ಮೂರು ದಿನ ಉಡುತ್ತೇನೆ ಎನ್ನುವವರು ಸ್ವಲ್ಪ ಕಾದು, ಹಣ ಕೂಡಿಸಿ, ಉಣ್ಣೆಯದ್ದೇ ತಗೊಳ್ಳಿ. ಬೆಟ್ಟ ಹತ್ತುವುದೂ ಇದ್ದರೆ ಟ್ವೀಡ್, ಪಾರ್ಟಿಗೂ ಅದೇ ಬೇಕು ಅಂದರೆ ವರ್ಸ್ಟೆಡ್.

ಆರ್ಡರ್ ಮಾಡುವಾಗ ಪ್ಯಾಂಟಿನ ಸೈಜ್ ಹೇಳಬೇಡಿ. ಅದು ಟೇಪಿನ ಅಳತೆಗೆ ಸರಿಹೊಂದುವುದೇ ಇಲ್ಲ. ಕಿಲ್ಟ್ ಎಲ್ಲಿ ಕೂರುತ್ತದೆ ಎಂದು ಕೇಳಿಕೊಂಡು ಅಲ್ಲೇ ಟೇಪ್ ಸುತ್ತಿ. ಹಿಂಭಾಗದ ಅತಿ ಅಗಲದ ಜಾಗದಲ್ಲಿ ಇನ್ನೊಮ್ಮೆ ಸುತ್ತಿ. ಚಳಿಗಾಲದಲ್ಲಿ ಹಾಕುವ ದಪ್ಪ ಅಂಗಿ, ಒಳಚಡ್ಡಿ ಹಾಕಿಕೊಂಡೇ ಅಳೆಯಿರಿ. ಉದ್ದವನ್ನು ಬೇರೆಯವರ ಕೈಯಲ್ಲಿ ಅಳೆಸಿ. ನೀವೇ ಬಗ್ಗಿ ನೋಡಿದರೆ ಟೇಪ್ ಜರುಗುತ್ತದೆ. ಮೊಣಕಾಲ ಚಿಪ್ಪಿನ ಮಧ್ಯದವರೆಗೆ ಬಂದರೆ ಸಾಕು. ಕಿಲ್ಟ್ ಬಂದ ಮೇಲೆ ಬಕಲನ್ನು ನಡುವಿನ ತೂತಿಗೆ ಹಾಕಿ ನೋಡಿ. ಅದು ಸರಿಯಾಗಿ ಕೂತರೆ ಚಳಿಗಾಲಕ್ಕೆ ಒಂದು ತೂತು ಸಡಿಲಿಸಲೂ ಜಾಗ ಇರುತ್ತದೆ, ಬೇಸಿಗೆಗೆ ಒಂದು ಬಿಗಿ ಮಾಡಲೂ.